ಗುರುತು ಬೀಳದ ಮೌಂಟ್

2023ರ ಸೆಪ್ಟೆಂಬರ್‌ನಲ್ಲಿ, ನಾರ್ತ್ ಕ್ಯಾರೊಲೈನಾದ ಹೊಲವೊಂದರಲ್ಲಿ ನಡೆದ ಕೊಡವರ ಆಯುಧಪೂಜೆ ಹಬ್ಬವಾದ ಕೈಲ್ ಪೊಳ್ದ್ ಕೂಟದಲ್ಲಿ, ಆಲ್ಡಿ ಊರಿನ ನಮ್ಮ ಪಕ್ಕದ ಮನೆಯ ಕೊಡವ ಅಂಕಲ್ ಗುರಿಯಾಗಿ ಕಟ್ಟಿದ್ದ ತೆಂಗಿನಕಾಯಿಗೆ ಗುಂಡು ಹೊಡೆಯಲಿಲ್ಲ. ಕೋವಿ ಪೂಜೆಯಾದ ಮೇಲೆ ಮೊದಲ ಗುಂಡು ಪ್ರತಿ ವರ್ಷವೂ ಹಿರಿಯರಾದ ಅವರದ್ದೇ.

ಅವರ ಕೋವಿ ಹಳೆಯ ಬ್ರಿಟಿಷ್ ಮಿಲಿಟರಿ ರೈಫಲ್. ಅದರ ಮುಂದಿನ ಗುರಿಮೊನೆ ಅವರ ಕಣ್ಣಿಗೆ ಮಸುಕಾಗತೊಡಗಿತ್ತು. ಆ ವಸಂತದಲ್ಲಿ, ಗುರಿ ನೋಡುವ ದುರ್ಬೀನಾದ ಸ್ಕೋಪನ್ನು ಕೋವಿಯ ಮೇಲೆ ಕೂರಿಸುವ ಮೌಂಟ್ ಆರಿಸಲು ನನ್ನನ್ನು ಬೇಸ್‌ಮೆಂಟಿಗೆ ಕರೆದರು. ತೂತು ಕೊರೆಯಬೇಕಾದ ಮೌಂಟ್ ಕಂಡಾಗಲೆಲ್ಲ ಹೆಬ್ಬೆರಳಿನಿಂದ ಉಕ್ಕನ್ನು ಸವರಿ, “ಗುರುತು ಬೀಳ್ಬಾರ್ದು ಕಣಪ್ಪ” ಎನ್ನುತ್ತಿದ್ದರು. ಅದು ಕೋವಿಯ ಮೇಲಿನ ಭಕ್ತಿ ಎಂದುಕೊಂಡೆ. ಕೊನೆಗೆ, ಹಿಂದಿನ ಗುರಿಪಟ್ಟಿ ಬಿಚ್ಚಿ ಅದೇ ಜಾಗದಲ್ಲಿ ಇರುವ ಸ್ಕ್ರೂಗಳಿಂದಲೇ ಬಿಗಿಯುವ ಮೌಂಟ್ ಸಿಕ್ಕಿತು. ಶೂಟಿಂಗ್ ರೇಂಜಿನಲ್ಲಿ ಅವರ ಗುರಿ ತಪ್ಪಲಿಲ್ಲ.

ಕೂಟಕ್ಕೆ ಹೊರಡುವ ದಿನ ನೋಡಿದರೆ, ಅಂಕಲ್ ಸ್ಕೋಪ್ ಸಮೇತ ಆ ಮೌಂಟ್ ಬಿಚ್ಚಿ ಹಳೆಯ ಗುರಿಪಟ್ಟಿಯನ್ನೇ ಕೂರಿಸುತ್ತಿದ್ದರು.

“ಯಾಕೆ ಅಂಕಲ್?”

“ದುರ್ಬೀನ್ ಇಟ್ಕೊಂಡು ಕಾಯಿ ಹೊಡೆದ್ರೆ ನಗ್ತಾರೆ. ಕಣ್ಣು ಹೋಗಿದೆ ಅಂತ ಗೊತ್ತಾಗುತ್ತೆ.”

ಹೊಲದಲ್ಲಿ ಅವರ ಹೆಸರು ಕೂಗಿದರು. ಅವರು ಭುಜ ನೋವೆಂದು ಕೂತೇ ಇದ್ದರು.

ಪಕ್ಕದಲ್ಲಿದ್ದ ಅವರ ಹೆಂಡತಿ, ಆಂಟಿ, ನಕ್ಕರು. “ಮೊನ್ನೆ ಒಬ್ರೇ ಸೋಫಾ ಮೂವ್ ಮಾಡಿದ್ರಲ್ಲ, ರೀ!”

ಎಲ್ಲರೂ ನಕ್ಕರು. ಅಂಕಲ್ ತಲೆ ಎತ್ತಲಿಲ್ಲ. ಒರೆಸಿದ್ದ ನಳಿಕೆಯನ್ನೇ ಮತ್ತೆ ಮತ್ತೆ ಒರೆಸಿದರು. ಆಂಟಿ ನಗು ನಿಲ್ಲಿಸಿ ಅಂಕಲ್ ಮುಖವನ್ನೇ ನೋಡಿದರು.

ಮುಂದಿನ ವರ್ಷದ ಕೂಟಕ್ಕೆ ಅಂಕಲ್ ಬರಲಿಲ್ಲ. ಆಂಟಿ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ಕೇಳಿದವರಿಗೆಲ್ಲ, “ಅವರಿಗೆ ಭುಜ ನೋವು” ಎಂದರು.