ಲೇಯಾಳಿಗಾಗಿ ಹೊತ್ತ ಹರಕೆ

ಮೊನ್ನೆ ರಾಯಚೂರಿನ ನಮ್ಮ ಓಣಿಯ ಗಿರಣಿಯಲ್ಲಿ ಹಿಟ್ಟು ಹಾಕಿಸಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕರೊಬ್ಬರು ಚೀಲದ ಬಾಯಿ ಬಿಚ್ಚಿದ್ದೇ ತಡ, ಮುಗ್ಗಲು ವಾಸನೆಯೊಂದು ಎದ್ದು ಬಂತು. ಸ್ವಲ್ಪ ಹುಳಿ, ಸ್ವಲ್ಪ ಹಸಿಮಣ್ಣು, ಸ್ವಲ್ಪ ಹಳೆಯ ಹುಲ್ಲು. ಗಿರಣಿಯವನು ಮೂಗು ಹಿಡಿದುಕೊಂಡು, "ಯಪ್ಪಾ, ಎಲ್ಲಿಂದ ತಂದೀರಿ ಈ ಜೋಳ?" ಎಂದ. "ಹಗೇವಿಂದು ತಮ್ಮಾ. ತಿಂದು ನೋಡು, ಆಮ್ಯಾಲೆ ಮೂಗು ಹಿಡಕೊ" ಎಂದರು ಅವರು. ಸಾಲಿನಲ್ಲಿದ್ದವರು ಸರಿದು ನಿಂತರು. ನಾನು ಮಾತ್ರ ನಾಚಿಕೆ ಬಿಟ್ಟು ಹತ್ತಿರ ಹೋಗಿ ಒಂದು ಹಿಡಿ ಜೋಳ ತೆಗೆದುಕೊಂಡು ಮೂಸಿದೆ. ಹಗೇವು ಕಾಣದವರೇ ಈಗ ಹೆಚ್ಚು, ಅದಕ್ಕೇ ಹೇಳುತ್ತೇನೆ: ನೆಲದೊಳಗೆ ಆಳವಾಗಿ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ವಾಸನೆ ಮಾತ್ರ ಬರುತ್ತದೆ. ಆ ವಾಸನೆಯ ರೊಟ್ಟಿ ತಿಂದೇ ನಾನು ದೊಡ್ಡವಳಾದದ್ದು.

ಮಾನ್ವಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಂಗಳದಲ್ಲಿ ಒಂದು ಬೇವಿನ ಮರ, ಮೂರು ಆಡು, ಗೋಡೆಯ ಉದ್ದಕ್ಕೂ ಅಬ್ಬಾನ ಬಳೆಯ ಪೆಟ್ಟಿಗೆಗಳು. ಅಬ್ಬಾ ಇಂದು ಸಿರವಾರ, ನಾಳೆ ದೇವದುರ್ಗ ಎಂದು ಸಂತೆ ಸುತ್ತಿ ಬಳೆ ಮಾರುತ್ತಿದ್ದ. ಮನೆಯ ಕಾರುಬಾರೆಲ್ಲ ಅವನ ತಾಯಿ, ನಮ್ಮ ದಾದಿಮಾಳದು. ಎಲೆ ಅಡಿಕೆ ಕುಟ್ಟುವ ಪುಟ್ಟ ಒರಳು ಪಕ್ಕಕ್ಕಿಟ್ಟುಕೊಂಡು, ಬೇವಿನ ಬುಡದ ಹೊರಸಿನ ಮೇಲೆ ಕುಳಿತೇ ಅವಳು ಓಣಿಯ ಅರ್ಧ ಜಗಳ ಬಗೆಹರಿಸುತ್ತಿದ್ದಳು, ಉಳಿದರ್ಧ ಹಚ್ಚುತ್ತಿದ್ದಳು. ಸಂತೆಯ ದಿನ ಬಾಗಲವಾಡದಿಂದ ಹನುಮವ್ವ ಬರುತ್ತಿದ್ದಳು. ಕುರಿ ಕಾಯುವ ಮನೆತನದ ಹೆಣ್ಣುಮಗಳು, ಬೆಣ್ಣೆ ಮಾರಲು ಬರುವವಳು. ಮಾರಿ ಮುಗಿದ ಮೇಲೆ ನಮ್ಮ ಅಂಗಳಕ್ಕೆ ಬಂದು, ಮಡಿಲಿನಿಂದ ಹಗೇವಿನ ಜೋಳದ ಗಂಟು ತೆಗೆದು ದಾದಿಮಾಳ ಮುಂದಿಟ್ಟು, "ತೊಗೊ ಬೇ, ನಿನ್ನ ವಾಸನಿ" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಯಾಕೆ ನಗುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕನ್ನಡ ಮಾಸ್ತರರು ರಾಯಚೂರಿನಿಂದ ಒಂದು ಕಾದಂಬರಿ ತಂದರು. ಯಾವುದೋ ದೂರದ ದೇಶದ ಮಹಾಯುದ್ಧದ ಕಥೆ, ಕನ್ನಡಕ್ಕೆ ಬಂದದ್ದು. ಕೊಲ್ಲಲು ಹುಡುಕುತ್ತಿರುವ ಸೈನಿಕರಿಂದ ತಪ್ಪಿಸಿಕೊಂಡು ಒಂದು ಯಹೂದಿ ಕುಟುಂಬ ರೈತನೊಬ್ಬನ ನೆಲಮಾಳಿಗೆಯಲ್ಲಿ, ಆಲೂಗಡ್ಡೆ ರಾಶಿಯ ಹಿಂದೆ, ಎರಡು ವರ್ಷ ಅಡಗಿ ಬದುಕುತ್ತದೆ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು ಲೇಯಾ. ಮಾಸ್ತರರು ನಾಲ್ವರನ್ನು ಆರಿಸಿ, ಸರದಿಯಂತೆ ಓದಿ, "ಓದಿ ನನಗೆ ಅನ್ನಿಸಿದ್ದು" ಎಂದು ನಾಲ್ಕು ಪುಟ ಬರೆಯಲು ಹೇಳಿದರು. ಮೊದಲು ಓದಿದ ಅಕ್ಕಿ ಗಿರಣಿಯವರ ಮಗ, ಆಲೂಗಡ್ಡೆ ಕೆಡದಂತೆ ಇಡುವುದು ಹೇಗೆ ಎಂದು ಎರಡು ಪುಟ ಬರೆದು ಬೈಸಿಕೊಂಡ. ಎರಡನೆಯವನು ಯುದ್ಧದಿಂದ ಸೀಮೆಎಣ್ಣೆ ತುಟ್ಟಿಯಾಗುತ್ತದೆ ಎಂದು ಬರೆದ. ನನ್ನ ಗೆಳತಿ ಸುಮಂಗಲಾ, ಅತ್ತು ಅತ್ತು ತನಗೆ ಜ್ವರ ಬಂದದ್ದನ್ನೇ ಬರೆದಳು. ಕೊನೆಯ ಸರದಿ ನನ್ನದು.

ನಾನು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಓದುತ್ತ ಕುಳಿತಿರುವುದನ್ನು ದಾದಿಮಾ ನೋಡಿದಳು. "ಏನದು, ಉಣ್ಣೂದಕ್ಕಿಂತ ರುಚಿ? ಗಟ್ಟಿಯಾಗಿ ಓದು, ನಾವೂ ಉಣ್ತೀವಿ" ಎಂದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕೇಳಲು ಚೆನ್ನಾಗಿ ಬರುತ್ತಿತ್ತು. ಅಂದು ಸಂತೆ, ಹನುಮವ್ವನೂ ಇದ್ದಳು. ಯಹೂದಿಗಳೆಂದರೆ ಯಾವ ಜಾತಿ ಎಂದು ಹನುಮವ್ವ ಕೇಳಿದರೆ, ದಾದಿಮಾ, "ಮೂಸಾ ಪೈಗಂಬರರ ಮಂದಿ. ಅವರೂ ಮೊದಲ ಕುರಿ ಕಾಯವ್ರ" ಎಂದಳು. "ಹಂಗಾದ್ರ ನಮ್ಮವ್ರ ಬಿಡು" ಎಂದು ಹನುಮವ್ವ ಕಾಲು ಚಾಚಿ ಕುಳಿತಳು. ಅಲ್ಲಿಂದ ಪ್ರತಿ ಸಂತೆಯ ಮಧ್ಯಾಹ್ನ ಓದು ನಡೆಯತೊಡಗಿತು. ನಡುವೆ ಒಂದು ಸಾಲು ಓದಲೂ ದಾದಿಮಾ ಬಿಡುತ್ತಿರಲಿಲ್ಲ, ಹನುಮವ್ವನಿಗೆ ಮೋಸವಾಗುತ್ತದಂತೆ. ಮಾಸ್ತರರು ಶಾಲೆಯಲ್ಲಿ, "ಮುಗೀತೇನಮ್ಮಾ ಪುಸ್ತಕ?" ಎಂದು ಕೇಳಿದಾಗಲೆಲ್ಲ, "ಇನ್ನೂ ಇಲ್ರೀ ಸರ್, ಹನುಮವ್ವ ಬರಬೇಕು" ಎನ್ನುತ್ತಿದ್ದೆ. ಅವರಿಗೆ ಅರ್ಥವಾಗುತ್ತಿರಲಿಲ್ಲ.

ಇಬ್ಬರೂ ಕಥೆ ಕೇಳುತ್ತಿರಲಿಲ್ಲ, ಅದಕ್ಕೆ ಸಲಹೆ ಕೊಡುತ್ತಿದ್ದರು. ರೈತನು ನೆಲಮಾಳಿಗೆಯ ಬಾಗಿಲ ಮೇಲೆ ಬರೀ ಒಂದು ಚಾಪೆ ಹಾಸಿದನೆಂದು ಓದಿದಾಗ ಹನುಮವ್ವ ಹಣೆ ಬಡಿದುಕೊಂಡಳು. "ಚಾಪಿ ಹಾಸಿದ್ರ ಯಾರ್ ಬಿಡ್ತಾರ? ಜ್ವಾಳದ ದಂಟಿನ ಕಣಿಕಿ ಒಟ್ಟಬೇಕು. ಮ್ಯಾಲೆ ನಾಕು ಕುರಿ ಕಟ್ಟಬೇಕು. ಉಚ್ಚಿ ವಾಸನಿಗೆ ಒಬ್ರೂ ಸನೇಕ ಬರಂಗಿಲ್ಲ." ಇಷ್ಟೆಲ್ಲ ಇವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ. ದಾದಿಮಾ ಒರಳು ನಿಲ್ಲಿಸಿದಳು. ನಿಜಾಮರ ರಾಜ್ಯ ಮುಗಿದ ಆ ಗಲಾಟೆಯ ವರ್ಷ ನಮ್ಮವರು ಬಾಗಲವಾಡದಲ್ಲಿದ್ದರಂತೆ. ದಾದಾ, ನನ್ನ ಅಜ್ಜ, ಅಬ್ಬಾನನ್ನೂ ಕರೆದುಕೊಂಡು ದೇವದುರ್ಗದ ಸಂತೆಗೆ ಹೋದವನು ಬರಲಾಗದೆ ಅಲ್ಲೇ ಸಿಕ್ಕಿಕೊಂಡಿದ್ದ. ಹೊರಗಿನ ಮಂದಿ ಊರಿಗೆ ಬರುತ್ತಿದ್ದಾರೆಂದು ಸುದ್ದಿ ಬಂದಾಗ ಹನುಮವ್ವನ ಅತ್ತೆ ದಾದಿಮಾಳನ್ನು ಕರೆದೊಯ್ದು, ಅರ್ಧ ಖಾಲಿಯಾಗಿದ್ದ ಹಗೇವಿನೊಳಗೆ ದೀಪ ಇಳಿಸಿ, ಅದು ಆರದ್ದು ನೋಡಿ ಒಳಗೆ ಗಾಳಿ ಇದೆಯೆಂದು ಖಾತ್ರಿ ಮಾಡಿಕೊಂಡು, ಅವಳನ್ನೂ ಮಗುವನ್ನೂ ಇಳಿಸಿದಳು. ಕಲ್ಲನ್ನು ಸ್ವಲ್ಪ ಸರಿಸಿಟ್ಟು ಮೇಲೆ ಕಣಿಕಿ ಒಟ್ಟಿ ಕುರಿ ಕಟ್ಟಿದರು. ಆಗಿನ್ನೂ ಹೊಸ ಸೊಸೆಯಾಗಿದ್ದ ಹನುಮವ್ವ ಕುರಿಗೆ ಮೇವು ಹಾಕುವ ನೆಪದಲ್ಲಿ ಮಜ್ಜಿಗೆಯ ತತ್ರಾಣಿ ಇಳಿಸುತ್ತಿದ್ದಳು. ಅದರ ಹಿಂದಿನ ವರ್ಷ ನಿಜಾಮರ ಕಡೆಯವರ ಹೆದರಿಕೆ ಇದ್ದಾಗ ಹನುಮವ್ವನ ಮನೆಯವರು ದಾದಿಮಾಳ ಮನೆಯಲ್ಲಿದ್ದರಂತೆ. ಇಬ್ಬರೂ ಇದನ್ನು ಒಂದು ಮದುವೆಯ ಕಥೆ ಹೇಳುವಷ್ಟು ಸಲೀಸಾಗಿ ಹೇಳಿದರು.

ಹಗೇವಿನಲ್ಲಿ ಮೂರು ದಿನ ಇದ್ದ ಆ ಮಗು ಯಾರೆಂದರೆ ನನ್ನ ಫುಪ್ಪು, ಅಬ್ಬಾನ ತಂಗಿ. ದೇವದುರ್ಗಕ್ಕೆ ಕೊಟ್ಟಿದ್ದರು. ಅವಳು ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಮ್ಮ ಮನೆಯಲ್ಲಿ ಆಡುಗಳು ಕಿವಿ ನಿಮಿರಿಸುತ್ತಿದ್ದವು ಎಂದು ಅಬ್ಬಾ ಹೇಳುತ್ತಿದ್ದ. ಅಷ್ಟು ಮಾತು. "ಬಾಯಿ ತೆಗೆದಾಗೆಲ್ಲ ಬೆಲ್ಲ ತುರುಕಿ ಮೂರು ದಿನ ಸುಮ್ಮನ ಇಟ್ಟೀನಿ. ಆ ಮೂರು ದಿನದ್ದು ಮೂವತ್ತು ವರ್ಷಾತು, ಇನ್ನೂ ತೀರಿಸಾಕತ್ತಾಳ" ಎಂದು ದಾದಿಮಾ ನಕ್ಕಳು. ಹನುಮವ್ವ ಕಣ್ಣೀರು ಒರೆಸಿಕೊಂಡು ನಕ್ಕಳು. ನನಗೂ ನಗು ಬಂತು, ಆದರೆ ಅಂದು ಮುಂದೆ ಓದದೆ ಪುಸ್ತಕ ಮುಚ್ಚಿದೆ.

ಮುಂದಿನ ಸಂತೆಗೆ ಬಂದ ಅಧ್ಯಾಯದಲ್ಲಿ ಲೇಯಾಳಿಗೆ ಕೆಮ್ಮು ಹತ್ತಿತು. ಮೇಲೆ ಸೈನಿಕರ ಬೂಟಿನ ಸದ್ದು, ಕೆಳಗೆ ತಾಯಿ ಮಗುವಿನ ಬಾಯಿಯನ್ನು ತನ್ನ ಎದೆಗೆ ಒತ್ತಿಕೊಂಡಿದ್ದಾಳೆ. ಅಲ್ಲಿಗೆ ಅಧ್ಯಾಯ ಮುಗಿದಿತ್ತು. ದಾದಿಮಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಎತ್ತಿ, ಲೇಯಾ ಜೀವಂತ ಹೊರಗೆ ಬಂದರೆ ಊರಾಚೆಯ ದರ್ಗಾದಲ್ಲಿ ಮಲೀದಾ ಹಂಚುತ್ತೇನೆಂದು ಹರಕೆ ಹೊತ್ತಳು. ಹನುಮವ್ವ, "ನಂದೂ ಒಂದು ಕಾಯಿ, ಅಲ್ಲೇ" ಎಂದಳು. "ನಿಮ್ಮ ದೇವ್ರಿಗೆ ಹೇಳಂಗಿಲ್ಲೇನು?" ಎಂದು ನನ್ನ ತಾಯಿ, ಅಮ್ಮಿ, ಅಡುಗೆಮನೆಯಿಂದ ಕೆಣಕಿದಳು. "ನಮ್ಮ ದೇವ್ರಿಗೆ ಕುರಿ ಕಾದು ಪುರುಸೊತ್ತಿಲ್ಲ ಯವ್ವಾ, ಅಷ್ಟು ದೂರ ಯಾವಾಗ ಹೋಗ್ಯಾನ?" ಇದು ಬರೆದ ಕಥೆ, ಯಾವಾಗಲೋ ಮುಗಿದುಹೋದದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪುಸ್ತಕದವರಿಗಾಗಿ ಹರಕೆ ಹೊರುವ ಹುಚ್ಚು ನಮ್ಮ ಮನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಕ್ಕಿಲ್ಲ.

ತಡೆಯಲಾರದೆ ಮರುದಿನ ಶಾಲೆಯ ಬಯಲಿನಲ್ಲಿ ಕುಳಿತು ಕದ್ದು ಕೊನೆಯ ಅಧ್ಯಾಯ ಓದಿಬಿಟ್ಟೆ. ಲೇಯಾ ಉಳಿಯಲಿಲ್ಲ. ಯುದ್ಧ ಮುಗಿಯಲು ಮೂರೇ ವಾರ ಇದ್ದಾಗ ಹೋದಳು. ಅಪ್ಪ ಅವಳನ್ನು ಹಿತ್ತಲಲ್ಲಿ ಮಣ್ಣು ಮಾಡಿದ. ಅವರ ಪದ್ಧತಿಯ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವ ಹಾಗಿರಲಿಲ್ಲ, ಸದ್ದು ಹೊರಗೆ ಹೋದರೆ ಉಳಿದಿಬ್ಬರೂ ಸಾಯುತ್ತಿದ್ದರು. ತಾಯಿ ಅಳುವ ಹಾಗೂ ಇರಲಿಲ್ಲ. ನಾನು ಮಾತ್ರ ಬಯಲಿನಲ್ಲಿ ಕುಳಿತು ಸಾಕಾಗುವಷ್ಟು ಅತ್ತೆ. ಇದನ್ನು ದಾದಿಮಾಳ ಮುಂದೆ ಹೇಗೆ ಓದಲಿ? ಅವಳು ಅಡಗಿಸಿ ಉಳಿಸಿಕೊಂಡ ಮಗಳ ವಯಸ್ಸಿನದೇ ಮಗು.

ಕೊನೆಯ ಓದಿಗೆ ದೇವದುರ್ಗದಿಂದ ಫುಪ್ಪು ಬೇರೆ ಬಂದಳು, ಸಾಲದ್ದಕ್ಕೆ ಎರಡು ಸೇರು ಶೇಂಗಾ ಹುರಿದುಕೊಂಡು. ಅವಳ ಬಾಯಿ ಮುಚ್ಚಿಸಲು ದಾದಿಮಾ, "ಈಗರ ಸುಮ್ಮನಿರು, ಬೆಲ್ಲ ತರ್ಲ್ಯಾ?" ಎಂದಳು. ನಾನು ಓದುತ್ತ ಓದುತ್ತ ಕೊನೆಯ ಅಧ್ಯಾಯಕ್ಕೆ ಬಂದೆ. ಮೊದಲ ಸಾಲು ಓದಿದೆ. ತಲೆಯೆತ್ತಿ ನೋಡಿದರೆ ಮೂವರ ಕಣ್ಣೂ ನನ್ನ ತುಟಿಯ ಮೇಲೆ. ಫುಪ್ಪು ಸುಲಿದ ಶೇಂಗಾ ಬಾಯಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ನಾನು ಓದಿದ್ದು ಪುಸ್ತಕದಲ್ಲಿ ಇಲ್ಲದ್ದು. ಹಾಳೆ ತಿರುಗಿಸುತ್ತ, ಬೆರಳು ಸಾಲಿನ ಮೇಲೆ ಜಾರಿಸುತ್ತ, ಯುದ್ಧ ಮುಗಿಸಿದೆ, ಬಾಗಿಲು ತೆರೆಸಿದೆ, ಲೇಯಾಳನ್ನು ಅಪ್ಪನ ಹೆಗಲ ಮೇಲೆ ಕೂರಿಸಿ ಹೊರಗೆ ತಂದೆ. ಬಿಸಿಲು ಕಂಡ ಕೂಡಲೇ ಅವಳು ಮಾತಾಡಲು ಶುರು ಮಾಡಿದಳು, ಮಾತಾಡುತ್ತಲೇ ಇದ್ದಳು ಎಂದು ಮುಗಿಸಿದೆ. "ಹಾಂ! ನನ್ನಂಗ!" ಎಂದು ಫುಪ್ಪು ಚಪ್ಪಾಳೆ ತಟ್ಟಿದಳು. ಹನುಮವ್ವ ಎದ್ದು ಬಂದು ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು, ಆ ಮಗುವನ್ನು ನಾನೇ ಎತ್ತಿ ಹೊರಗೆ ತಂದೆನೆಂಬಂತೆ. ದಾದಿಮಾ, "ಶುಕ್ರವಾರ ಮಲೀದಾ" ಎಂದಳು.

ನಾನು ನಾಲ್ಕರ ಬದಲು ಏಳು ಪುಟ ಬರೆದುಕೊಟ್ಟೆ. ಹಗೇವು, ಕುರಿ, ಬೆಲ್ಲ, ಕಾಯಿಯ ಹರಕೆ, ಎಲ್ಲ ಬರೆದೆ. ಕೊನೆಯ ಅಧ್ಯಾಯದ ಸುದ್ದಿ ಎತ್ತಲಿಲ್ಲ. ಮಾಸ್ತರರು ಕೆಂಪು ಶಾಯಿಯಲ್ಲಿ "ಪುಸ್ತಕ ಪೂರ್ತಿ ಓದಿಲ್ಲವೆ?" ಎಂದು ಬರೆದು, ತರಗತಿ ಬಿಟ್ಟ ಮೇಲೆ ನಿಲ್ಲಿಸಿಕೊಂಡರು. ನಾನು ಬಿಕ್ಕುತ್ತ ಎಲ್ಲ ಹೇಳಿದೆ. ಸುಳ್ಳು ಓದಿದ್ದಕ್ಕೆ ಬೆತ್ತ ಸಿಗುತ್ತದೆಂದು ಕೈ ಚಾಚಿಯೇ ನಿಂತಿದ್ದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ಶುಕ್ರವಾರ ಎಷ್ಟೊತ್ತಿಗಮ್ಮಾ?" ಎಂದಷ್ಟೇ ಕೇಳಿದರು.

ಬಂದೂ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಚಪಾತಿ ಮುರಿದು ಪುಡಿ ಮಾಡಿ ಬೆಲ್ಲ, ತುಪ್ಪ ಕಲಸಿದ ಮಲೀದಾದ ದೊಡ್ಡ ತಾಟು ಫುಪ್ಪುವಿನ ತಲೆಯ ಮೇಲೆ. "ಇದು ನಮ್ಮ ಮಾದಲಿನ ಬಿಡು, ಹೆಸರು ಬ್ಯಾರೆ" ಎನ್ನುತ್ತ ಹನುಮವ್ವ ಕಾಯಿ ಹಿಡಿದು ಹಿಂದೆ. ದರ್ಗಾದ ಮುಜಾವರ ಫಾತಿಹಾ ಓದುವ ಮೊದಲು ಯಾರ ಹೆಸರಲ್ಲಿ ಎಂದು ಕೇಳಿದರು. "ಲೇಯಾ" ಎಂದಳು ದಾದಿಮಾ. ಯಾರ ಮಗಳು ಎಂದರೆ, "ಅಪನೀಚ್ ಬಚ್ಚೀ ಹೈ" ಎಂದಳು, ನಮ್ಮದೇ ಹುಡುಗಿ ಎಂದು. ಮುಜಾವರ ಕೈಯೆತ್ತಿ ಗಟ್ಟಿಯಾಗಿ, ರಾಗವಾಗಿ ಓದತೊಡಗಿದರು. ಫಾತಿಹಾ ಹರಕೆ ತೀರಿದಾಗಲೂ ಓದುತ್ತಾರೆ, ಸತ್ತವರಿಗಾಗಿಯೂ ಓದುತ್ತಾರೆ. ಯಾವುದಕ್ಕೆ ಎಂಬುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ನಾನೂ ಕೈಯೆತ್ತಿದೆ. ಆಮೇಲೆ ಎಲ್ಲರೂ ಮಲೀದಾ ತಿಂದೆವು, ಮಾಸ್ತರರು ಎರಡು ಸಲ ಹಾಕಿಸಿಕೊಂಡರು.

ನನ್ನ ಸುಳ್ಳು ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಮುಗಿಯಲಿಲ್ಲ. ಹಬ್ಬ ಬಂದಾಗ, ಯಾರದೋ ಮದುವೆಯ ಕರೆ ಬಂದಾಗ, ದಾದಿಮಾ, "ಲೇಯಾಂದು ಮದುವಿ ಆಗಿರಬೇಕಲ್ಲ?" ಎನ್ನುತ್ತಿದ್ದಳು. "ಆಗಿರಬೇಕು ದಾದಿಮಾ." "ಅಪ್ಪ ಅವ್ವ ಅಕಿ ಹತ್ರನ ಇರ್ತಾರೇನು?" "ಹೂಂ, ಅಲ್ಲೇ ಇರ್ತಾರ." ಹನುಮವ್ವ ಮೊದಲು ಹೋದಳು, ಮತ್ತೆ ಜೋಳದ ಗಂಟು ಬರಲಿಲ್ಲ. ಆ ಮಾತಿನ ಮಲ್ಲಿ ಫುಪ್ಪು ಎರಡೇ ದಿನದ ಜ್ವರಕ್ಕೆ, ಒಂದು ಮಾತೂ ಆಡದೆ ಹೋದಳು. ಅಬ್ಬಾನಿಗೆ ಸಂತೆ ಸುತ್ತುವ ಶಕ್ತಿ ಹೋಗಿ ಮನೆ ಮಾರಿ ರಾಯಚೂರಿಗೆ ಬಂದೆವು. ಆ ಬೇವಿನ ಜಾಗದಲ್ಲಿ ಈಗ ಮೋಟರ್ ಸೈಕಲ್ ರಿಪೇರಿಯ ಅಂಗಡಿ ಇದೆಯಂತೆ, ನಾನು ನೋಡಲು ಹೋಗಿಲ್ಲ. ಎಂಬತ್ತರ ದಶಕದ ಕೊನೆಗೆ ದಾದಿಮಾ ಹಾಸಿಗೆ ಹಿಡಿದಳು. ಒಬ್ಬೊಬ್ಬರ ಹೆಸರೂ ಮರೆಯುತ್ತ ಬಂದಳು. ಅಮ್ಮಿಯನ್ನು ಯಾರು ನೀನು ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ಲೇಯಾಗ ಮಕ್ಕಳೆಷ್ಟು?" ಎಂದಳು. "ಮೂರು, ದಾದಿಮಾ." "ಜಗ್ಗಿ ಮಾತಾಡ್ತಾವೇನು?" "ಅವ್ವನಂಗ." ಅವಳ ಮುಖ ತುಂಬ ನಗು. ಆ ಮೂರು ಮಕ್ಕಳಿಗೂ ಹೆಸರಿಡಲು ನಾನು ತಯಾರಾಗಿದ್ದೆ, ಅವಳು ಕೇಳಲಿಲ್ಲ.

ಮೂರನೆಯ ದಿನ ದಾದಿಮಾ ತೀರಿಕೊಂಡಳು. ಲೇಯಾ ಬದುಕಿದ್ದಾಳೆಂದು ನಂಬಿದವರು ಇನ್ನು ಯಾರೂ ಉಳಿಯಲಿಲ್ಲ. ಎಲ್ಲರೂ ನನ್ನನ್ನು, ಅಜ್ಜಿಯನ್ನು ಬಹಳ ಹಚ್ಚಿಕೊಂಡಿತ್ತು ಹುಡುಗಿ ಎಂದು ಸಮಾಧಾನ ಮಾಡುತ್ತಿದ್ದರು. ನಾನು ಅಂದು ಇಬ್ಬರಿಗಾಗಿ ಅತ್ತೆ.