ಮರಿಯ ಕೊರಳಿಗೆ ಕಟ್ಟಿದ ಅಂಗಿ

ಜಿಪಾರ್ ಅಪಾ ಅವರ ನಾಯಿ ಮರಿ ಹಾಕಿದೆ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕಾಗಿರಲಿಲ್ಲ. ಗೇಟಿನ ಬಳಿ ಬ್ಲೀಚಿಂಗ್ ನೀರು ತುಂಬಿದ ಬೋಗುಣಿ ಬಂದು ಕೂರುತ್ತಿತ್ತು. ಬಂದವರು ಬೂಟಿನ ಸಮೇತ ಅದರಲ್ಲಿ ಕಾಲಿಟ್ಟು, ಕೈ ತೊಳೆದುಕೊಂಡೇ ಅಂಗಳ ತುಳಿಯಬೇಕು.

"ನಮಾಜಿಗೂ ಇಷ್ಟು ತೊಳ್ಕೊಳ್ಳಲ್ಲ ಕಣಮ್ಮ," ಎಂದು ಬೀದಿಯ ಮುದುಕರು ಗೊಣಗುತ್ತಿದ್ದರು.

"ದೇವರಿಗೆ ಕಾಯಿಲೆ ಅಂಟಲ್ಲ. ನನ್ನ ಮರಿಗಳಿಗೆ ಅಂಟತ್ತೆ," ಎಂದು ಅಪಾ ಬೋಗುಣಿಯನ್ನು ಕಾಲಿನಿಂದ ಅವರತ್ತ ಇನ್ನಷ್ಟು ತಳ್ಳುತ್ತಿದ್ದರು.

ತಾಯಿಯನ್ನು, ತಾಯಿಯಂಥ ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎನ್ನುತ್ತೇವೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವರ ಬೈಗುಳದ ಸದ್ದು ಕೇಳಿಯೇ ನನಗೆ ಬೆಳಗಾಗುತ್ತಿತ್ತು. ಅವರು ಸಾಕುತ್ತಿದ್ದದ್ದು ತಾಯಿಗಾನ್ ನಾಯಿಗಳನ್ನು. ನಮ್ಮ ಬೆಟ್ಟಗಳಲ್ಲಿ ನರಿ, ಕಾಡುಮೇಕೆಗಳನ್ನು ಅಟ್ಟುವ ಸಪೂರ ಮೈಯ ಬೇಟೆನಾಯಿಗಳು. ಗಂಡ ಬದುಕಿದ್ದಾಗ ಒಮ್ಮೆ ಮರಿಗಳನ್ನು ಬೇಟೆಗಾರರ ಕೂಟಕ್ಕೆ ಒಯ್ದಿದ್ದರು. ಎಲ್ಲರೂ ಕೈಯಿಂದ ಕೈಗೆ ಎತ್ತಿ ಮುದ್ದಾಡಿದರು. ಆಮೇಲೆ ಒಂದೊಂದೇ ಮರಿ ರಕ್ತಭೇದಿಯಾಗಿ ಸತ್ತಿತು. ಆ ಸೂಲಿನಲ್ಲಿ ಉಳಿದದ್ದು ಯಾವುದೂ ಇಲ್ಲ. ಅಂದಿನಿಂದ ಅಪಾ ಯಾರ ಕೈಯನ್ನೂ ನಂಬಲಿಲ್ಲ.

ನಮ್ಮ ಹಳ್ಳಿಯ ಪಶುವೈದ್ಯ ಮೆದೆರ್ ಕುರಿಗಳಿಗೆ ಒಳ್ಳೆಯ ಡಾಕ್ಟರೇ. ಆದರೆ ಮರಿಗಳ ಲಸಿಕೆಯ ಸೀಸೆಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅಪಾ ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಬೆಚ್ಚಗಿತ್ತು.

"ಯಾಕಪ್ಪಾ, ಇದು ಮೊಟ್ಟೆನಾ, ಕಾವು ಕೊಡೋಕೆ?"

"ತಣ್ಣಗಿದ್ರೆ ಮರಿಗೆ ನೋವಾಗತ್ತೆ ಅಂತ, ಅಪಾ."

"ಬೆಚ್ಚಗಾದ್ರೆ ಒಳಗಿರೋ ಔಷಧಿ ಸಾಯತ್ತೆ. ಹೋಗಿ ಟೀ ಕುಡಿ. ಸೂಜಿ ಚುಚ್ಚೋದು ಬೇಡ."

ಟೀ ಕುಡಿಸಿಯೇ ಕಳಿಸಿದರು. ಆಮೇಲೆ ವ್ಯಾನು ಹತ್ತಿ ಪಟ್ಟಣಕ್ಕೆ ಹೋಗಿ, ಸಿಕ್ಕ ಪ್ರತಿ ಪಶುವೈದ್ಯರ ಬಾಗಿಲು ತಟ್ಟಿ ಒಂದೇ ಪ್ರಶ್ನೆ ಕೇಳಿದರು: "ಔಷಧಿ ಎಲ್ಲಿಟ್ಟಿದೀರ, ತೋರಿಸಿ." ಕೆಲವರು ಸಿಡುಕಿದರು. ಪೆರಿಜಾತ್ ಎಂಬ ಹೆಣ್ಣುಮಗಳು ಮಾತ್ರ ಫ್ರಿಜ್ ತೆರೆದು ಒಳಗಿನ ಥರ್ಮಾಮೀಟರು ತೋರಿಸಿ, ತಿರುಗಿ ಅಪಾ ಅವರನ್ನೇ ತರಾಟೆಗೆ ತೆಗೆದುಕೊಂಡಳು. ತಾಯಿನಾಯಿಗೆ ವಯಸ್ಸೆಷ್ಟು, ಹಿಂದಿನ ಸೂಲು ಯಾವಾಗ, ಜಂತಿನ ಔಷಧಿ ಕೊಟ್ಟಿದ್ದೀರಾ, ಇನ್ನೆಷ್ಟು ಸಲ ಮರಿ ಹಾಕಿಸುತ್ತೀರಿ.

"ನನ್ನನ್ನೇ ಬೈದ್ಲು ನೋಡು. ಇನ್ಮೇಲೆ ಇವಳೇ ನಮ್ಮ ಡಾಕ್ಟ್ರು," ಎಂದು ಅಪಾ ಊರಿಗೆ ಬಂದು ಹೇಳಿದರು.

ಮರಿ ಕೊಳ್ಳಲು ಬರುವವರಿಗೂ ಇದೇ ಗತಿ. ಈ ಸಲ ರಾಜಧಾನಿ ಬಿಷ್ಕೆಕ್‌ನಿಂದ ಒಬ್ಬ ಬಂದಿದ್ದ. ಕಣ್ಣು ಬಿಟ್ಟು ಇನ್ನೂ ಹೆಚ್ಚು ದಿನವಾಗಿರದ ಮರಿಯೇ ಅವನಿಗೆ ಬೇಕಿತ್ತು. ಅವನ ಸಾಹೇಬರ ಹುಟ್ಟುಹಬ್ಬವಂತೆ.

"ಸಾಹೇಬ್ರು ಕೇಳಿದ್ರಾ?"

"ಇಲ್ಲ, ಆಶ್ಚರ್ಯ ಆಗ್ಲಿ ಅಂತ."

"ಹಾಗಾದ್ರೆ ವಾಚು ಕೊಡು. ಅದಕ್ಕೆ ಉಣ್ಣಿಸೋದು ಬೇಡ. ಮರಿ ಬೇಕಂದ್ರೆ ಎಲ್ಲಾ ಇಂಜೆಕ್ಷನ್ ಮುಗಿದ ಮೇಲೆ ಬಾ."

ಈ ವಸಂತದಲ್ಲಿ ಅವರ ನಾಯಿ ಆಕ್ತೋಶ್ ಕೊನೆಯ ಸಲ ಮರಿ ಹಾಕಿತು. ಇದರ ಮೇಲೆ ಬೇಡ, ಅದರ ಮೈ ತಡೆಯುವುದಿಲ್ಲ ಎಂದು ಪೆರಿಜಾತ್ ಹೇಳಿಬಿಟ್ಟಿದ್ದಳು. ಮರಿಗಳಲ್ಲಿ ಹೆಣ್ಣು ಒಂದೇ. ಅದಕ್ಕೆ ಉಕು ಎಂದು ಹೆಸರಿಟ್ಟರು. ಗಂಡನ ಕಾಲದಿಂದ ಬಂದ ತಳಿ ಮುಂದುವರಿಯಬೇಕಾದರೆ ಉಕು ಉಳಿಯಬೇಕಿತ್ತು. ಮೊದಲ ಲಸಿಕೆಯಾಗಿತ್ತು, ಉಳಿದವು ಬಾಕಿ. ಅಲ್ಲಿಯವರೆಗೆ ಅದರ ಪಾದ ಬೀದಿಯ ಮಣ್ಣಿಗೆ ಸೋಕಬಾರದು. ಅಂಗಡಿಯ ಹಿಂದಿನ ಚರಂಡಿಯ ಬಳಿ ಬೀದಿನಾಯಿಯ ಮರಿಗಳು ಸತ್ತುಬಿದ್ದಿದ್ದನ್ನು ಎಲ್ಲರೂ ನೋಡಿದ್ದೆವು.

ಅದೇ ಸಮಯಕ್ಕೆ ಅಪಾ ಅವರ ಮೊದಲ ಮೊಮ್ಮಗನಿಗೆ ನಲವತ್ತು ದಿನ ತುಂಬಿತು. ನಮ್ಮಲ್ಲಿ ಆ ದಿನ ಕೂಸಿಗೆ ನಲವತ್ತು ಚಮಚ ನೀರು ಹೊಯ್ದು ಮೀಯಿಸಿ, ಅದರ ಮೊದಲ ಅಂಗಿಯಲ್ಲಿ ಮಿಠಾಯಿ ಗಂಟು ಹಾಕಿ ನಾಯಿಯ ಕೊರಳಿಗೆ ಕಟ್ಟುತ್ತೇವೆ. ನಾಯಿ ಓಡುತ್ತದೆ, ಓಣಿಯ ಮಕ್ಕಳೆಲ್ಲ ಅಟ್ಟಿ ಹಿಡಿದು ಮಿಠಾಯಿ ಹಂಚಿಕೊಳ್ಳುತ್ತಾರೆ. ಕೂಸಿನ ಕೆಡುಕನ್ನೆಲ್ಲ ನಾಯಿ ಹೊತ್ತುಕೊಂಡು ಹೋಗುತ್ತದೆಂಬ ನಂಬಿಕೆ.

ಅಪಾ ಪಕ್ಕದ ಬೀದಿಯ ಕುರಿನಾಯಿಯನ್ನು ಗೊತ್ತುಮಾಡಿದ್ದರು. ಸೊಸೆಯ ತಾಯಿ ಸೊನುನ್‌ಗೆ ಅದು ಅವಮಾನವಾಗಿ ಕಂಡಿತು.

"ಏನು ಬೀಗಿತ್ತೇರೇ, ಅಂಗಳದ ತುಂಬ ಮರಿ ಇಟ್ಕೊಂಡು ಸ್ವಂತ ಮೊಮ್ಮಗನಿಗೆ ಎರವಲು ನಾಯಿನಾ?"

"ಮರಿಗಳಿಗೆ ಇನ್ನೂ ಇಂಜೆಕ್ಷನ್ ಮುಗಿದಿಲ್ಲ."

"ಓಣಿ ಸುತ್ತಿ ಬರೋಕೂ ಇಂಜೆಕ್ಷನ್ ಬೇಕಾ? ನಮ್ಮಜ್ಜಿ ಕಾಲದ ನಾಯಿಗಳಿಗೆ ಯಾರು ಚುಚ್ಚಿದ್ರು?"

"ನಿಮ್ಮಜ್ಜಿ ಕಾಲದಲ್ಲಿ ಸತ್ತ ಮರಿಗಳನ್ನ ಯಾರೂ ಲೆಕ್ಕ ಇಡ್ಲಿಲ್ಲ."

ಮಾತು ಅಲ್ಲಿಗೆ ನಿಂತಿತು ಎಂದುಕೊಂಡು ಅಪಾ ಬೋರ್ಸೋಕ್ ಕರಿಯಲು ಒಲೆಯ ಮುಂದೆ ಕೂತರು. ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬುತ್ತಿದ್ದವು. ಹೊರಗೆ ಮಕ್ಕಳ ಕೂಗು ಎದ್ದಾಗ ಕುರಿನಾಯಿ ಬಂದಿರಬೇಕು ಎಂದುಕೊಂಡರು. ನಾನು ಗೋಡೆಯಾಚೆಯಿಂದ ನೋಡಿದೆ. ಓಡುತ್ತಿದ್ದದ್ದು ಉಕು. ಬಿಳಿ ಅಂಗಿ ಅದರ ಮುಂಗಾಲಿಗೆ ತೊಡರುತ್ತಿತ್ತು. ಗೇಟು ದಾಟಿ, ಅಂಗಡಿಯ ಹಿಂದೆ ತಿರುಗಿ, ಮಕ್ಕಳ ಕೈಗೆ ಸಿಗದಿರಲು ನೇರ ಚರಂಡಿಗೆ ಇಳಿಯಿತು.

ನಾನು ಕೂಗಿದೆ. ಅಪಾ ಜಾಲರಿ ಸೌಟು ಹಿಡಿದೇ ಓಡಿ ಬಂದರು. ಮರಿಯನ್ನು ಎತ್ತಿ, ಅಂಗಿ ಬಿಚ್ಚಿ, ಅದನ್ನು ಕಟ್ಟಿದ್ದ ಸೊನುನ್ ಕೈಗೇ ಇಟ್ಟರು. ಬೈದಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು.

ಉಕುವನ್ನು ಉಳಿದ ಮರಿಗಳ ಹತ್ತಿರ ಬಿಡದೆ ಜೀನು ಇಡುವ ಕೊಟ್ಟಿಗೆಯಲ್ಲಿ ಕಟ್ಟಿದರು. ಪೆರಿಜಾತ್‌ಗೆ ಫೋನು ಮಾಡಿದರು.

"ಈಗ ಓಡಿ ಬಂದು ಚುಚ್ಚಿದ್ರೂ ಭರವಸೆ ಕೊಡೋಕಾಗಲ್ಲ, ಅಪಾ. ಬೇರೆ ಇಡಿ. ಊಟ ಬಿಟ್ರೆ ಆ ಕ್ಷಣವೇ ಫೋನ್ ಮಾಡಿ."

ಮುಂದಿನ ವಾರ ಉಕು ಊಟ ಬಿಟ್ಟಿತು. ಪೆರಿಜಾತ್ ಬಂದು ಪರೀಕ್ಷೆ ಮಾಡಿ ಪಾರ್ವೋ ಎಂದಳು; ಹಿಂದೆ ಇಡೀ ಸೂಲನ್ನು ಕೊಂದ ಅದೇ ರಕ್ತಭೇದಿ. ಡ್ರಿಪ್ ಹಾಕಿದಳು, ಮತ್ತೆ ಮತ್ತೆ ಬಂದಳು. ಅಪಾ ಕೊಟ್ಟಿಗೆಯಲ್ಲೇ ಕೂತು, ಒಳಗೆ ಒಂದು ಬಟ್ಟೆ, ಹೊರಗೆ ಒಂದು ಬಟ್ಟೆ ಎಂದು ಬದಲಿಸುತ್ತಿದ್ದರು. ಮರಿ ಉಳಿಯಲಿಲ್ಲ.

ಸೊನುನ್ ಸಮಾಧಾನ ಹೇಳಲು ಬಂದರು. "ಬೀಗಿತ್ತೇರೇ, ಹೀಗೆ ತಿಳ್ಕೊಳ್ಳಿ, ಕೂಸಿಗೆ ಬರಬೇಕಿದ್ದ ಕೆಡುಕನ್ನ ಅದು ತಗೊಂಡು ಹೋಯ್ತು."

ಅಪಾ ಅವರ ಕೋಪ ಆಗ ಹೊರಬಂತು. "ಕೂಸಿಗೆ ಯಾವ ಕೆಡುಕೂ ಇರಲಿಲ್ಲ. ಅದು ತಗೊಂಡಿದ್ದು ಚರಂಡಿಯಲ್ಲಿದ್ದದ್ದನ್ನ. ನನ್ನ ಮೊಮ್ಮಗನ ತಲೆ ಮೇಲೆ ಇದನ್ನ ಕಟ್ಟಬೇಡಿ."

ಉಳಿದ ಗಂಡುಮರಿಗಳು ಚೆನ್ನಾಗಿದ್ದವು. ಯಾರಿಗೂ ಹೇಳುವುದು ಬೇಡ ಎಂದು ಮಗ ತಾಲಾಯ್ ಅಂಗಲಾಚಿದ. "ಹೆಸರು ಹೋಗತ್ತೆ, ಅಪಾ."

"ಹೇಳದೆ ಕೊಟ್ರೆ ಹೆಸರು ಉಳಿದೂ ಏನು ಮಾಡೋದು?"

ಮರಿಗೆ ಹೇಳಿಟ್ಟಿದ್ದ ಪ್ರತಿಯೊಬ್ಬರಿಗೂ ಫೋನು ಮಾಡಿ ಮನೆಯಲ್ಲಿ ಕಾಯಿಲೆ ಬಂದಿದೆ, ಡಾಕ್ಟರು ಹೇಳುವವರೆಗೆ ಬರಬೇಡಿ ಎಂದರು. ಕಾಯಲು ಒಪ್ಪಿಕೊಂಡಿದ್ದ ಬಿಷ್ಕೆಕ್‌ನವನು ರೇಗಿದ. "ಒಂದು ಮರಿಗೆ ಇಷ್ಟು ರಗಳೆನಾ? ಬಜಾರಲ್ಲಿ ಡಬ್ಬದಲ್ಲಿಟ್ಟು ಮಾರ್ತಾರೆ."

"ಅಲ್ಲೇ ತಗೋ. ಡಬ್ಬನಾದ್ರೂ ಗಟ್ಟಿ ಬರತ್ತೆ," ಎಂದು ಫೋನು ಇಟ್ಟರು.

ಆಕ್ತೋಶ್‌ಗೆ ಇನ್ನೊಂದೇ ಸೂಲು ಮಾಡಿಸಿ, ಹೆಣ್ಣು ಬಂದರೂ ಬರಬಹುದು ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ. ಅಪಾ ನಾಯಿಯ ಬೆನ್ನುಮೂಳೆಯ ಮೇಲೆ ಕೈಯಾಡಿಸಿದರು. "ಬೇಕು ಅಂತ ನನಗೂ ಅನ್ಸತ್ತೆ. ಅದಕ್ಕೇ ಬೇಡ," ಎಂದರು. ತಳಿ ಅಲ್ಲಿಗೆ ನಿಂತಿತು.

ಪೆರಿಜಾತ್ ಒಪ್ಪಿಗೆ ಕೊಟ್ಟ ಮೇಲೆ ಗಂಡುಮರಿಗಳು ಕೊಂಡವರ ಮನೆ ಸೇರಿದವು. ಬೇಸಿಗೆ ಮುಗಿಯುವಾಗ ಸೊನುನ್ ಮನೆಯಲ್ಲಿ ಇನ್ನೊಂದು ಕೂಸಿಗೆ ನಲವತ್ತು ದಿನವಾಯಿತು. ಯಾರೂ ಕರೆಯದೆ ಅಪಾ ಆಕ್ತೋಶ್‌ನ ಹಗ್ಗ ಹಿಡಿದು ಅಲ್ಲಿಗೆ ಹೋದರು. ಎಲ್ಲ ಲಸಿಕೆಯಾದ ದೊಡ್ಡ ನಾಯಿ. ಸೊನುನ್ ತುಟಿ ಬಿಗಿದುಕೊಂಡೇ ಅದರ ಕೊರಳಿಗೆ ಅಂಗಿ ಕಟ್ಟಿದರು. ಆಕ್ತೋಶ್ ಓಡಲಿಲ್ಲ. ಅಪಾ ಅವರ ಪಕ್ಕದಲ್ಲೇ ನಿಧಾನವಾಗಿ ಓಣಿಯುದ್ದ ನಡೆಯಿತು. ಮಕ್ಕಳು ನಡೆದುಕೊಂಡೇ ಮಿಠಾಯಿ ಬಿಚ್ಚಿಕೊಂಡವು.

"ಇದೇನಜ್ಜೀ, ಇದು ಓಡೋದೇ ಇಲ್ಲ, ಮಜಾನೇ ಇಲ್ಲ," ಎಂದಿತು ಒಂದು ಮಗು.

"ಓಡ್ಬೇಕು ಅಂದ್ರೆ ನೀವೇ ಓಡಿ," ಎಂದರು ಅಪಾ. ಮನೆಗೆ ಬಂದವರೇ ಬೋಗುಣಿಗೆ ನೀರು ತುಂಬಿ ಆಕ್ತೋಶ್‌ನ ಪಾದಗಳನ್ನು ಒಂದೊಂದಾಗಿ ತೊಳೆದರು. ಒಳಗೆ ಕಾಪಾಡಬೇಕಾದ ಮರಿ ಯಾವುದೂ ಇರಲಿಲ್ಲ.