ನಾರ್ವೆಯ ದಂಡೆಯಲ್ಲಿ ಒಂದು ‘ಬರ್ತೀನಿ’

ನೀರೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ನನ್ನ ಗಂಡನಿಗೋ ನಾರ್ವೆಯ ಹುಚ್ಚು. ಬೆಟ್ಟಗಳ ನಡುವೆ ಸೀಳಿಕೊಂಡು ಒಳನುಗ್ಗಿದ ಸಮುದ್ರ, ಅದರ ತುದಿಯ ಹಳ್ಳಿ, ಅಲ್ಲಿನ ಶತಮಾನಗಳ ಹಿಂದಿನ ಮರದ ಚರ್ಚು, ಎಲ್ಲ ನೋಡಲೇಬೇಕಂತೆ. ಡರ್ಬಿಯಲ್ಲಿ ವರ್ಷವಿಡೀ ವಿಮಾನದ ಎಂಜಿನ್ ಜೊತೆ ಗುದ್ದಾಡುವವರು ರಜೆಯಲ್ಲಾದರೂ ಸುಮ್ಮನೆ ಮನೆಯಲ್ಲಿ ಕೂರಬಾರದೇ? ಕೊನೆಗೆ ನಾನೇ ನನ್ನ ಆಸ್ಪತ್ರೆಯ ಡ್ಯೂಟಿ ರೋಟಾದಲ್ಲಿ ಕಾಡಿಬೇಡಿ ಒಂದು ವಾರ ಬಿಡಿಸಿಕೊಂಡೆ. ಹುಬ್ಬಳ್ಳಿಯಿಂದ ಬರ್ಮಿಂಗ್‌ಹ್ಯಾಮಿನ ನಮ್ಮ ಹಾರ್ಬೋರ್ನ್ ಮನೆಗೆ ಬಂದಿದ್ದ ಅತ್ತೆ, ಏಳು ವರ್ಷದ ಮಗಳು, ನಾವಿಬ್ಬರು ಹೊರಟೆವು.

ಹಳ್ಳಿಯಲ್ಲಿ ದೋಣಿಯಿಂದ ಇಳಿದಾಗಲೇ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ಕಡೆ ಆಕಾಶ ಮುಚ್ಚುವಂಥ ಗುಡ್ಡ, ಕಾಲ ಬುಡದಲ್ಲಿ ತಳ ಕಾಣದ ಕಪ್ಪು ನೀರು. ಅತ್ತೆಗೆ ಮಾತ್ರ ಯಾವ ದಿಗಿಲೂ ಇಲ್ಲ. ಚರ್ಚಿನ ಛಾವಣಿಯ ತುದಿಯಲ್ಲಿ ಹೆಡೆಯೆತ್ತಿ ನಿಂತಂತಿದ್ದ, ಮರದಲ್ಲಿ ಕೆತ್ತಿದ ಡ್ರ್ಯಾಗನ್ ತಲೆಗಳನ್ನು ನೋಡಿ, “ನಾಗಪ್ಪ ಇಲ್ಲೂ ಬಂದಾನ ನೋಡವಾ” ಎಂದು ಕೈಮುಗಿದರು.

ಮರುದಿನ ನಾವು ಗಂಡ ಹೆಂಡತಿ ಗೈಡಿನ ಜೊತೆ ಚರ್ಚಿನೊಳಗೆ ಹೋದೆವು. ಅತ್ತೆ, ಮಗಳು ಹೊರಗೆ ನೀರಿನಂಚಿನಲ್ಲಿ ಚಪ್ಪಟೆ ಕಲ್ಲು ಆರಿಸುತ್ತ ಉಳಿದರು. ನಾವು ಹೊರಬರುವಷ್ಟರಲ್ಲಿ ಮಂಜು ಇಳಿದಿತ್ತು, ಅವರು ಕಾಣಲಿಲ್ಲ. ಚಳಿಗೆ ಮನೆ ಸೇರಿರಬೇಕು ಅಂದುಕೊಂಡು ಬಾಡಿಗೆ ಮನೆಗೆ ನಡೆದೆವು. ಅತ್ತೆ ಚಹಾ ಕುದಿಸುತ್ತಿದ್ದರು. ಒಬ್ಬರೇ.

“ಕೂಸೆಲ್ಲೈತ್ರೀ ಅತ್ತಿ?”

“ನಿಮ್ಮ ಕೂಡ ಇಲ್ಲೇನು? ನಂಗ ಥಂಡಿ ಆತು, ಅಕಿಗೆ ಹೇಳೇ ಬಂದೆ. ಚರ್ಚ್ ಹತ್ರಾನ ಐತಿ, ನಿಮ್ಮ ಕಡೆ ಬರ್ತಾಳ ಅಂದ್ಕೊಂಡೆ.”

“ಎಲ್ಲಿ ಬಿಟ್ಟು ಬಂದ್ರಿ?”

“ಕೆಂಪು ಮನಿ ಹಿಂದ.”

ಶಿವನೇ! ಆ ಊರಿನ ದೋಣಿ ನಿಲ್ಲಿಸುವ ಮನೆಗಳೆಲ್ಲ ಕೆಂಪೇ. ಮಂಜಿನಲ್ಲಿ ಒಂದೊಂದರ ಹಿಂದೆಯೂ ಹೆಸರು ಕೂಗುತ್ತ ಓಡಿದೆ. ನನ್ನ ಕೂಗು ಗುಡ್ಡಕ್ಕೆ ಬಡಿದು ನನಗೇ ವಾಪಸು ಬರುತ್ತಿತ್ತು. ಕೂಗು ಕೇಳಿ ಪಕ್ಕದ ಮನೆಯ ಹೆಂಗಸು ಹೊರಬಂದಳು. ವಿಷಯ ತಿಳಿದವಳೇ ತನ್ನ ದೋಣಿಯ ಹಗ್ಗ ಬಿಚ್ಚತೊಡಗಿದಳು. ದೋಣಿ ಯಾಕೆ ಎಂದು ಆಗ ಹೊಳೆಯಿತು. ಇನ್ನೂ ಜೋರಾಗಿ ಕೂಗುತ್ತ ಮುಂದಿನ ಕೆಂಪು ಮನೆಯತ್ತ ಓಡಿದೆ.

“ಇಲ್ಲಿದ್ದಾಳೆ!” ಎಂದು ನನ್ನ ಗಂಡನ ದನಿ ಕೇಳಿತು.

ಕೊನೆಯ ಕೆಂಪು ಮನೆಯ ಹಿಂದೆ, ಒಂದು ಬಂಡೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಉಬ್ಬರದ ನೀರು ಬಂಡೆಯನ್ನು ಸುತ್ತುಗಟ್ಟಿತ್ತು. ಇವರು ತೊಡೆಮಟ ನೀರಿಗಿಳಿದು ಎತ್ತಿಕೊಂಡು ಬಂದರು.

“ಕತ್ತೆ! ನೀರು ಏರೋದು ಕಾಣಲಿಲ್ಲೇನು? ಯಾಕ ಎದ್ದು ಬರಲಿಲ್ಲ?” ಅವಚಿಕೊಂಡೇ ಬೈದೆ.

“ಅಜ್ಜಿ ‘ಬರ್ತೀನಿ’ ಅಂದ್ರು,” ಹಲ್ಲು ಕಟಕಟ ಎನ್ನುತ್ತಿತ್ತು. “ಶಿ ಸೆಡ್ ಶೀಸ್ ಕಮಿಂಗ್. ಸೋ ಐ ವೇಟೆಡ್.”

ಹೊರಡುವಾಗ ‘ಹೋಗ್ತೀನಿ’ ಎಂದು ಬಾಯಿಬಿಟ್ಟು ಹೇಳುವವರು ನಮ್ಮಲ್ಲಿ ಯಾರಿದ್ದಾರೆ? ಅದು ತಿರುಗಿ ಬಾರದವರ ಮಾತು. ಅತ್ತೆ ವಾಡಿಕೆಯಂತೆ ‘ನಾ ಬರ್ತೀನವಾ’ ಎಂದು ಹೇಳಿ ಹೊರಟಿದ್ದರು. ಬೆಳಗಾದರೆ ‘ಬೈ’ ಎಂದು ಕಾರು ಹತ್ತುವ ತಂದೆತಾಯಿಯ ಮಗಳಿಗೆ ಪದ ಗೊತ್ತಿತ್ತು, ವಾಡಿಕೆ ಗೊತ್ತಿರಲಿಲ್ಲ. ನಮ್ಮ ಹಿಂದೆಯೇ ಏದುಸಿರು ಬಿಡುತ್ತ ಬಂದಿದ್ದ ಅತ್ತೆಗೆ ಇದೆಲ್ಲ ಕೇಳಿಸಿತು. “ನನ್ನ ಬಾಯಾಗ ಮಣ್ಣು ಬೀಳ್ಲಿ” ಎಂದು ಬಾಯಿ ಬಡಿದುಕೊಂಡರು. ಅಲ್ಲಲ್ಲ ಅತ್ತಿ, ನಿಮ್ಮ ತಪ್ಪೇನೂ ಇಲ್ಲ ಎಂದು ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ.

ಮುಂದಿನ ತಿಂಗಳು ಅವರನ್ನು ಊರಿಗೆ ಕಳಿಸಲು ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣಕ್ಕೆ ಹೋದೆವು. ತಪಾಸಣೆಯ ಸಾಲಿಗೆ ಸೇರುವ ಮುನ್ನ ಅತ್ತೆ ಮೊಮ್ಮಗಳ ಗಲ್ಲ ಹಿಡಿದರು. ಒಂದೊಂದೇ ಅಕ್ಷರ ಬಿಡಿಸಿ, “ನಾ ಹೋಗ್ತೀನವಾ” ಎಂದರು.

“ಓಕೆ ಅಜ್ಜಿ, ಬೈ,” ಎಂದಳು ಅವಳು, ನಿಶ್ಚಿಂತೆಯಿಂದ.

ಜನರಿದ್ದಾರೆ ಎಂಬ ಖಬರೂ ಇಲ್ಲದೆ ಕೂಗಿದೆ. “ಅತ್ತೀ, ಹಂಗನಬ್ಯಾಡ್ರೀ! ಬರ್ತೀನಿ ಅನ್ರೀ!”

ಅತ್ತೆ ತಿರುಗಿ ನೋಡಿದರು.

“ಬ್ಯಾಡವಾ. ಅಕಿ ಕಾಯ್ತಾಳ,” ಎಂದು ಒಳಗೆ ನಡೆದರು.